ಶಾಲೆಯ ಅಂಗಳದಲ್ಲಿ ಅಣುವ್ರತ

ಶ್ರಾವಕನ ಧರ್ಮವು ಬಸದಿಯ ಹೊಸ್ತಿಲಿನೊಳಗೆ ಆರಂಭವಾಗಿ ಅಲ್ಲಿಯೇ ಮುಗಿಯುವಂತಿದ್ದರೆ ಅದರ ಪಾಲನೆ ಬಹು ಸುಲಭವಾಗುತ್ತಿತ್ತು. ಆದರೆ ವ್ರತದ ಪರೀಕ್ಷೆ ನಡೆಯುವುದು ಪೇಟೆಯಲ್ಲಿ, ಅಡುಗೆಮನೆಯಲ್ಲಿ, ನ್ಯಾಯದ ಕಟ್ಟೆಯಲ್ಲಿ. ನಮ್ಮ ಮಕ್ಕಳ ಮಟ್ಟಿಗೆ ಹೇಳುವುದಾದರೆ ಅದು ನಡೆಯುವುದು ಶಾಲೆಯ ಅಂಗಳದಲ್ಲಿ. ಮಗು ದಿನಕ್ಕೆ ಅರ್ಧ ಗಂಟೆ ನಮ್ಮೊಡನೆ ದೇವರ ಮುಂದೆ ನಿಲ್ಲುತ್ತದೆ, ಆರೇಳು ಗಂಟೆ ಸಹಪಾಠಿಗಳ ನಡುವೆ ಇರುತ್ತದೆ. ಆ ಆರೇಳು ಗಂಟೆಗಳ ಧರ್ಮಾಧರ್ಮಗಳ ವಿಚಾರವನ್ನು ನಾವು ಅಂಕಪಟ್ಟಿಯ ವಿಚಾರದಷ್ಟು ಶ್ರದ್ಧೆಯಿಂದ ಮಾಡುವುದಿಲ್ಲ.

ಕಳೆದ ವರ್ಷ ಒಂದು ಭಾನುವಾರ ಪ್ರವಚನ ಮುಗಿದ ಬಳಿಕ ಬಸದಿಯ ಜಗಲಿಯ ಮೇಲೆ ಕೆಲವು ತಂದೆತಾಯಿಗಳು ಮಾತಿಗೆ ಕುಳಿತಿದ್ದರು. ತನ್ನ ಮಗ ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾನೆಂದು ಒಬ್ಬ ತಾಯಿ ಹೇಳಿದರು. ಶಾಲಾ ಪ್ರವಾಸದಲ್ಲಿ ಅವನು ಸೂರ್ಯಾಸ್ತಕ್ಕೆ ಮುಂಚೆ ಊಟ ಕೇಳಿದ್ದೇ ನೆಪವಾಗಿ, ಅಂದಿನಿಂದ ಅವನಿಗೊಂದು ಅಡ್ಡಹೆಸರು ಅಂಟಿಕೊಂಡಿತ್ತು. ಅವನ ಡಬ್ಬಿ ದಿನವೂ ಕೈಯಿಂದ ಕೈಗೆ ಹಾರುತ್ತಿತ್ತು. ಇನ್ನೊಬ್ಬರು ಶಾಲೆಯವರು ಕಡ್ಡಾಯ ಮಾಡಿದ ಟ್ಯಾಬ್ಲೆಟ್ಟಿನ ಬೆಲೆಯನ್ನು ಹೇಳಿ ನಿಟ್ಟುಸಿರಿಟ್ಟರು. ಮತ್ತೊಬ್ಬರು ಆಟದ ಅವಧಿಯನ್ನು ಗಣಿತಕ್ಕೆ ಕೊಟ್ಟುಬಿಟ್ಟಿದ್ದಾರೆಂದು ದೂರಿದರು. ಆಗ ಹಿರಿಯರೊಬ್ಬರು, "ನಮ್ಮ ಕಾಲದಲ್ಲಿ ನಾವೂ ಪೆಟ್ಟು ತಿಂದೇ ದೊಡ್ಡವರಾದೆವು. ಏನಾಯಿತು? ಮಗನಿಗೆ ಕ್ಷಮಾಧರ್ಮ ಹೇಳಿಕೊಡಿ," ಎಂದರು. ನಾನೂ ತಲೆದೂಗಿದೆ. ಆ ತಲೆದೂಗುವಿಕೆ ತಪ್ಪಾಗಿತ್ತೆಂದು ನನಗೆ ತಿಳಿದುಬಂದ ಬಗೆಯನ್ನು ನಿವೇದಿಸುವುದೇ ಈ ಬರಹದ ಉದ್ದೇಶ.

ಮೊದಲಿಗೆ ಮಕ್ಕಳ ನಡುವಿನ ಈ ಪೀಡೆ ಎಂತಹುದೆಂದು ಶಾಸ್ತ್ರದ ಬೆಳಕಿನಲ್ಲಿ ನೋಡೋಣ. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಕೃತ್ಯದಲ್ಲಿ, ಜೀವನೋಪಾಯದಲ್ಲಿ, ಆತ್ಮರಕ್ಷಣೆಯಲ್ಲಿ ಅನಿವಾರ್ಯವಾಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿ ಬಿಡಲಾರ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಓಡುವಾಗ ಒಬ್ಬ ಬಾಲಕ ಇನ್ನೊಬ್ಬನಿಗೆ ಡಿಕ್ಕಿ ಹೊಡೆದರೆ ಅದು ಆಟದ ಆಕಸ್ಮಿಕ. ದಿನವೂ ಒಬ್ಬನನ್ನೇ ಆಯ್ದುಕೊಂಡು, ಅವನು ಅಳುವುದನ್ನು ನೋಡಬೇಕೆಂದೇ ಕಾಡುವುದು ಸಂಕಲ್ಪಿ ಹಿಂಸೆ. ಮಾಡಿದವನ ವಯಸ್ಸು ಹನ್ನೆರಡಾದ ಮಾತ್ರಕ್ಕೆ ಅದರ ಜಾತಿ ಬದಲಾಗುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ದನಕರುಗಳನ್ನೂ ಆಳುಕಾಳುಗಳನ್ನೂ ಕುರಿತವೆಂದು ನಾವು ಓದಿ ಮುಂದೆ ಹೋಗುತ್ತೇವೆ. ಒಮ್ಮೆ ಇದೇ ಪಟ್ಟಿಯನ್ನು ಹಿಡಿದು ಶಾಲೆಯ ಅಂಗಳದಲ್ಲಿ ನಿಂತು ನೋಡಿರಿ. ಶೌಚಾಲಯದಲ್ಲಿ ಒಬ್ಬನನ್ನು ಕೂಡಿ ಹೊರಗಿನಿಂದ ಚಿಲಕ ಹಾಕುವುದು ಬಂಧ. ತಲೆಯ ಮೇಲೆ ಮೊಟಕುವುದು ವಧ, ಏಕೆಂದರೆ ಇಲ್ಲಿ ವಧವೆಂದರೆ ಹೊಡೆತ, ಕೊಲೆಯಲ್ಲ. ಕೈ ತಿರುಚುವುದು, ನಿದ್ದೆಹೋದವನ ಕೂದಲು ಕತ್ತರಿಸುವುದು ಛೇದದ ಹೊಸ್ತಿಲು. ನಾಲ್ಕು ಜನರ ಚೀಲಗಳನ್ನು ಒಬ್ಬ ದುರ್ಬಲನ ಹೆಗಲಿಗೇರಿಸುವುದು ಅತಿಭಾರಾರೋಪಣ. ಡಬ್ಬಿ ಕಸಿದು ಹಸಿವಿನಿಂದ ಕೂರಿಸುವುದು ಅನ್ನಪಾನನಿರೋಧ. ಅತಿಭಾರದ ವಿಷಯದಲ್ಲಿ ದೊಡ್ಡವರಾದ ನಾವೂ ನಿರ್ದೋಷಿಗಳಲ್ಲ. ಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದೆಂದು 2020ರ ಶಾಲಾ ಚೀಲ ನೀತಿ ಹೇಳುತ್ತದೆ. ಮೂವತ್ತೈದು ಕಿಲೋ ತೂಗುವ ಬಾಲಕನಿಗೆ ಮೂರೂವರೆ ಕಿಲೋ. ಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡುವುದು ಕಷ್ಟದ ಕೆಲಸವಲ್ಲ.

ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ ಎಂಬೆರಡು ಬರುತ್ತವೆ. ಮೊದಲನೆಯದು ಏಕಾಂತದ ಸಂಗತಿಯನ್ನು ಬಯಲು ಮಾಡುವುದು, ಎರಡನೆಯದು ಸುಳ್ಳು ಬರಹವನ್ನು ಸೃಷ್ಟಿಸುವುದು. ಗೆಳೆಯನು ನಂಬಿ ಕಳುಹಿಸಿದ ಮಾತನ್ನು ಇಡೀ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವುದೂ, ಒಬ್ಬ ಹುಡುಗಿಯ ಭಾವಚಿತ್ರವನ್ನು ತಿದ್ದಿ ಹಂಚುವುದೂ ಈ ಎರಡಕ್ಕಿಂತ ಬೇರೆಯೇನು? ಹಿಂದೆ ಶಾಲೆಯ ಗಂಟೆ ಬಾರಿಸಿದರೆ ಪೀಡೆ ಅಲ್ಲಿಗೆ ನಿಲ್ಲುತ್ತಿತ್ತು. ಈಗ ಅದು ಫೋನಿನೊಡನೆ ಮನೆಗೆ ಬಂದು ಹಾಸಿಗೆಯ ಪಕ್ಕದಲ್ಲಿ ಮಲಗುತ್ತದೆ.

ಇನ್ನು ಕ್ಷಮೆಯ ಪ್ರಶ್ನೆ. ಉತ್ತಮ ಕ್ಷಮೆಯು ದಶಧರ್ಮಗಳಲ್ಲಿ ಮೊದಲನೆಯದು. ಆದ್ದರಿಂದ ಪೆಟ್ಟು ತಿಂದ ಮಗುವಿಗೆ "ನೀನು ಜೈನ, ಸಹಿಸಿಕೋ" ಎಂದು ಹೇಳುವುದು ನಮಗೆ ಸಹಜವಾಗಿ ತೋರುತ್ತದೆ. ಆದರೆ ಎದುರಿಸುವ ಶಕ್ತಿಯೇ ಇಲ್ಲದವನ ಮೌನವನ್ನು ಕ್ಷಮೆಯೆಂದು ಕರೆಯಬಹುದೇ? ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ನಾಡಿನ ಬೆಟ್ಟದ ಮೇಲೆ ಕ್ರಿ.ಶ. 981ರಿಂದ ಒಂದು ಮೂರ್ತಿ ನಿಂತಿದೆ. ಬಾಹುಬಲಿಯ ಕಥೆ ಆರಂಭವಾಗುವುದು ಕ್ಷಮೆಯಿಂದಲ್ಲ, ನಿರಾಕರಣೆಯಿಂದ. ಬಲಾಢ್ಯನಾದ ಅಣ್ಣನು ತಲೆಬಾಗೆಂದು ಹೇಳಿಕಳುಹಿಸಿದಾಗ ಅವನು ಬಾಗಲಿಲ್ಲ. ಅನಂತರ ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಲ್ಲಿ ಗೆದ್ದನು. ಮಲ್ಲಯುದ್ಧದಲ್ಲಿ ಭರತನನ್ನು ಮೇಲೆತ್ತಿ ಹಿಡಿದು, ನೆಲಕ್ಕಪ್ಪಳಿಸುವ ಶಕ್ತಿಯಿದ್ದೂ ಅಪ್ಪಳಿಸದೆ ಇಳಿಸಿದನು. ಭರತನು ಚಕ್ರವನ್ನೇ ಪ್ರಯೋಗಿಸಿದ ಮೇಲೂ ಸೇಡಿಗೆಳಸದೆ ರಾಜ್ಯವನ್ನೇ ತೊರೆದನು. ಮೊದಲು ಅಭಯ, ಆಮೇಲೆ ಸಾಮರ್ಥ್ಯ, ಆ ಬಳಿಕ ಕ್ಷಮೆ. ಈ ಕ್ರಮವನ್ನು ತಲೆಕೆಳಗು ಮಾಡಿ ಭಯಗೊಂಡ ಮಗುವಿಗೆ ಮೊದಲೇ ಕ್ಷಮೆಯನ್ನು ಬೋಧಿಸಿದರೆ ನಾವು ಅದಕ್ಕೆ ಕಲಿಸುವುದು ಅಂಜಿಕೆಯನ್ನು.

ಹಾಗೆಂದು ಏಟಿಗೆ ಏಟು ಕೊಡೆಂದು ಕಲಿಸಬೇಕೆಂದಲ್ಲ. "ಬೇಡ" ಎಂದು ಗಟ್ಟಿಯಾಗಿ ಹೇಳುವುದು, ಅಧ್ಯಾಪಕರಿಗೆ ತಿಳಿಸುವುದು, ಮನೆಯಲ್ಲಿ ಹೇಳುವುದು ಹಿಂಸೆಯಲ್ಲ, ಚಾಡಿಯೂ ಅಲ್ಲ. ಪೀಡಿಸುವವನು ಕಟ್ಟಿಕೊಳ್ಳುತ್ತಿರುವ ಪಾಪವನ್ನು ತಡೆಯುವುದು ಅವನಿಗೂ ಮಾಡುವ ಉಪಕಾರ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಷ್ಟದಲ್ಲಿರುವ ಮಕ್ಕಳಿಗೆ 1098 ಎಂಬ ದೂರವಾಣಿ ಸಹಾಯವಾಣಿಯೂ ಉಂಟು. ಆದರೆ ಸಹಪಾಠಿಗಳ ನಡುವಿನ ಪೀಡೆಗೆ ಕಾಯಿದೆಗಿಂತ ಮೊದಲ ಕಾವಲು ಮನೆಯೇ.

ಬಾಹುಬಲಿಯ ಕಥೆಯಲ್ಲಿ ಆಟದ ಕುರಿತೂ ಒಂದು ಪಾಠವಿದೆ. ಎರಡು ಸೈನ್ಯಗಳು ಸಾಯುವುದನ್ನು ತಪ್ಪಿಸಲೆಂದೇ ಮಂತ್ರಿಗಳು ಆ ಮೂರು ಪಂದ್ಯಗಳನ್ನು ಏರ್ಪಡಿಸಿದರು. ನಿಯಮಬದ್ಧವಾದ ಪಂದ್ಯವು ಹಿಂಸೆಗೆ ಬದಲಾಗಿ ಬಂದ ವ್ಯವಸ್ಥೆ. ಖೋ-ಖೋ, ಕಬಡ್ಡಿಗಳಲ್ಲಿ ಔಟಾದವನು ಮಾತಾಡದೆ ಹೊರಗೆ ಬಂದು ಕೂರಬೇಕು, ಗೆದ್ದವನು ಸೋತವನ ಕೈ ಕುಲುಕಬೇಕು. ಮಾನಕಷಾಯವನ್ನು ಹಿಡಿತದಲ್ಲಿಡಲು ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರಿಲ್ಲ. ಆಟದ ಅವಧಿಯನ್ನು ಪಾಠಕ್ಕೆ ಕೊಡುವ ಶಾಲೆ ಮಕ್ಕಳಿಂದ ಈ ಅಭ್ಯಾಸವನ್ನು ಕಸಿದುಕೊಳ್ಳುತ್ತದೆ. ಹಾಗೆಯೇ ಚೆನ್ನಾಗಿ ಆಡುವ ಹನ್ನೊಂದು ಮಂದಿಗಾಗಿ ಮಾತ್ರ ಮೈದಾನವನ್ನಿಟ್ಟುಕೊಂಡು ಉಳಿದವರನ್ನು ಗೆರೆಯಾಚೆ ನಿಲ್ಲಿಸುವ ಶಾಲೆ, ಗೆದ್ದವರ ಮದವನ್ನೂ ಉಳಿದವರ ಕೀಳರಿಮೆಯನ್ನೂ ಒಟ್ಟಿಗೆ ಬೆಳೆಸುತ್ತದೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ನಾನು ಅಂಗಡಿಕಾರ. ಯಾವುದನ್ನೂ ಜಮಾ-ಖರ್ಚಿನ ಪುಸ್ತಕದಲ್ಲಿ ಬರೆದು ನೋಡುವುದು ನಲವತ್ತು ವರ್ಷಗಳ ಅಭ್ಯಾಸ. ಏಳನೆಯ ತರಗತಿಯ ನನ್ನ ಮೊಮ್ಮಗನಿಗೆ ಶಾಲೆ ಕಡ್ಡಾಯ ಮಾಡಿದ ಟ್ಯಾಬ್ಲೆಟ್ಟಿಗೆ 24,500 ರೂಪಾಯಿ, ಅದರ ಕವಚಕ್ಕೆ 1,100, ಪಾಠದ ಆ್ಯಪಿನ ವಾರ್ಷಿಕ ಶುಲ್ಕ 5,800, ಆಟದ ಸಮವಸ್ತ್ರ ಹಾಗೂ ಎರಡು ಜೊತೆ ಬೂಟುಗಳಿಗೆ 4,600. ಒಟ್ಟು 36,000 ರೂಪಾಯಿ, ಬೋಧನಾ ಶುಲ್ಕ ಬೇರೆ. ಅದೇ ಟ್ಯಾಬ್ಲೆಟ್ ನಮ್ಮ ಪೇಟೆಯಲ್ಲಿ ಮೂರು ಸಾವಿರ ಕಡಿಮೆಗೆ ಸಿಗುತ್ತಿತ್ತು. ಆದರೆ ಶಾಲೆ ಹೇಳಿದ ಅಂಗಡಿಯಲ್ಲಿಯೇ ಕೊಳ್ಳಬೇಕಿತ್ತು. ಲಾಭ ಪಡೆಯುವುದು ದೋಷವೆಂದು ನಾನು ಹೇಳಲಾರೆ, ಅದು ನನ್ನ ವೃತ್ತಿ. ಆದರೆ ಕೊಳ್ಳುವವನಿಗೆ ಬೇರೆ ಬಾಗಿಲೇ ಇಲ್ಲದಂತೆ ಮಾಡಿ ಪಡೆಯುವ ಲಾಭ ವ್ಯಾಪಾರವಲ್ಲ, ವಸೂಲಿ.

2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದಾಗ ಫೋನು ಅಗತ್ಯವಾಗಿ ಮನೆಗೆ ಬಂತು. ಶಾಲೆಗಳು ತೆರೆದ ಮೇಲೂ ಅಗತ್ಯವು ಅಭ್ಯಾಸವಾಗಿ ಉಳಿಯಿತು. ತಂತ್ರಜ್ಞಾನವು ಎದುರಿಗೆ ನಿಂತು ಕಲಿಸುವ ಅಧ್ಯಾಪಕರಿಗೆ ನೆರವಾಗಬೇಕೇ ಹೊರತು ಅವರ ಸ್ಥಾನವನ್ನು ಆಕ್ರಮಿಸಬಾರದೆಂದು ಯುನೆಸ್ಕೊ ಸಂಸ್ಥೆಯು 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ಹೇಳಿದೆ. ಸಾಧನವು ಕಲಿಕೆಗೆ ನಿಜವಾಗಿ ಬೇಕಾಗಿದ್ದರೆ ಅದು ಪರಿಮಾಣದೊಳಗಿನ ಪರಿಗ್ರಹ. ಪಕ್ಕದ ಮಗುವಿನ ಬಳಿ ಇರುವುದರಿಂದ ಬೇಕಾದರೆ ಅದು ಲೋಭ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳೊಡನೆ ವಿಸ್ಮಯವನ್ನೂ ಸೇರಿಸಿದ್ದಾರೆ. ಅನ್ಯರ ಸಂಪತ್ತನ್ನು ಕಂಡು ಬೆರಗಾಗುವುದೂ ಒಂದು ದೋಷ! ಮಕ್ಕಳ ನಡುವೆ ಯಾರ ಬಳಿ ಯಾವ ಫೋನಿದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಒಂದು ಪದದ ಸೂಕ್ಷ್ಮತೆ ನೆನಪಾಗುತ್ತದೆ.

ನಾನು ಮೇಲೆ ಹೇಳಿದ ತಪ್ಪು ನನಗೆ ಅರಿವಾದುದು ಇಲ್ಲಿಯೇ. ಜಗಲಿಯ ಮಾತಾದ ತಿಂಗಳೊಳಗೆ ಶಾಲೆಯಿಂದ ಕರೆ ಬಂತು. ಮೊಮ್ಮಗನಿಗೆ ಯಾರೋ ಕಾಟ ಕೊಟ್ಟಿರಬೇಕೆಂದು ಮಗ, ಸೊಸೆ, ನಾನು ಮೂವರೂ ರೋಷದಿಂದಲೇ ಹೋದೆವು. ಸಂಗತಿ ಬೇರೆಯಾಗಿತ್ತು. ಅವನ ತರಗತಿಯಲ್ಲಿ ಶಿಕ್ಷಣ ಹಕ್ಕು ಕಾಯಿದೆಯ ಮೀಸಲು ಸ್ಥಾನದಲ್ಲಿ ಸೇರಿದ ಒಬ್ಬ ಹುಡುಗನಿದ್ದ. ಅವನ ತಂದೆ ಆಟೋ ಓಡಿಸುವವರು. ಕಾಯಿದೆಯಿಂದ ಶುಲ್ಕವೇನೋ ತಪ್ಪಿತ್ತು, ಆದರೆ ಟ್ಯಾಬ್ಲೆಟ್ ತಪ್ಪಿರಲಿಲ್ಲ. ಅವನು ತಂದೆಯ ಗಾಜೊಡೆದ ಹಳೆಯ ಫೋನಿನಲ್ಲಿ ಪಾಠ ನೋಡುತ್ತಿದ್ದ. ಕೆಲವರು ಅದನ್ನು ಕಸಿದು ಎತ್ತಿ ಹಿಡಿದು ಹರಾಜು ಕೂಗಿದ್ದರು. ಫೋನು ಬಿದ್ದು ಪೂರ್ತಿ ಕೆಟ್ಟಿತು. ಅಲ್ಲಿ ನಿಂತವರಲ್ಲಿ ನನ್ನ ಮೊಮ್ಮಗನೂ ಒಬ್ಬ.

ಮನೆಗೆ ಬಂದು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಅಜ್ಜಾ, ನಾ ಏನೂ ಮಾಡಿಲ್ಲ. ಎಲ್ಲಾರೂ ನಕ್ರು, ನಾನೂ ನಕ್ಕೆ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಮಾತುಗಳನ್ನು ನಾನು ಎಷ್ಟು ಬಾರಿ ಸ್ವಾಧ್ಯಾಯದಲ್ಲಿ ವಿವರಿಸಿದ್ದೇನೋ ಲೆಕ್ಕವಿಲ್ಲ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು, ಈ ಮೂರೂ ಆಸ್ರವಕ್ಕೆ ಬಾಗಿಲು. ಆ ನಗೆಯೇ ಅನುಮೋದನ. ನಗುವವರಿಲ್ಲದಿದ್ದರೆ ಹರಾಜು ಕೂಗುವವನು ಯಾರಿಗಾಗಿ ಕೂಗುತ್ತಿದ್ದ? ಇನ್ನೊಂದು ಮಾತೂ ನನ್ನನ್ನು ಚುಚ್ಚಿತು. ಜಗಲಿಯ ಮೇಲೆ ಆ ತಾಯಿಯ ಸಂಕಟಕ್ಕೆ "ಏನಾಯಿತು?" ಎಂದವರ ಮಾತಿಗೆ ತಲೆದೂಗಿದ್ದೆನಲ್ಲ, ಅದೂ ಅನುಮೋದನವೇ. ಮೊಮ್ಮಗ ನಕ್ಕ, ಅಜ್ಜ ತಲೆಯಾಡಿಸಿದ. ವ್ಯತ್ಯಾಸವಿದ್ದುದು ವಯಸ್ಸಿನಲ್ಲಿ ಮಾತ್ರ.

ಮರುದಿನ ಅವನನ್ನು ಕರೆದುಕೊಂಡು ಆ ಹುಡುಗನ ಮನೆಗೆ ಹೋದೆ. ಮೊಮ್ಮಗ ಕೈಮುಗಿದು ತಪ್ಪಾಯಿತೆಂದ. ಆ ಹುಡುಗ ತಲೆ ಎತ್ತದೆ "ಇರ್ಲಿ ಬಿಡು" ಎಂದ. ಅವನ ತಂದೆ ನನಗೆ ಕುರ್ಚಿ ತಂದು ಹಾಕಿ ತಾವು ನಿಂತೇ ಇದ್ದರು. ಆ "ಇರ್ಲಿ ಬಿಡು" ಕ್ಷಮೆಯಾಗಿರಲಿಲ್ಲ. ದೊಡ್ಡ ಅಂಗಡಿಯವರು ಮನೆ ಬಾಗಿಲಿಗೆ ಬಂದಿರುವಾಗ ಬೇರೆ ಏನು ಹೇಳಬೇಕೆಂದು ತಿಳಿಯದವನ ಮಾತಾಗಿತ್ತು. ಫೋನಿನ ಬೆಲೆಯನ್ನು ತುಂಬಿಕೊಡಲು ಪೀಡಿಸಿದವರ ಮನೆಗಳನ್ನೆಲ್ಲ ಒಪ್ಪಿಸಿದೆವು. ನನ್ನ ಮೊಮ್ಮಗನ ಪಾಲನ್ನು ಅವನ ಕ್ರಿಕೆಟ್ ಬ್ಯಾಟಿಗೆಂದು ಕೂಡಿಟ್ಟ ಹಣದಿಂದಲೇ ಕೊಟ್ಟ. ಆ ಹುಡುಗನ ಕ್ಷಮೆ ಇನ್ನೂ ಬಾಕಿ ಇದೆ. ಅದು ಬರಬೇಕಾದರೆ ಮೊದಲು ಅವನ ಅಂಜಿಕೆ ಹೋಗಬೇಕು. ಈಗ ಇಬ್ಬರೂ ಒಂದೇ ಖೋ-ಖೋ ತಂಡದಲ್ಲಿದ್ದಾರೆಂಬುದೇ ನನ್ನ ಆಸೆ.

ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯಂದು ನಾವು ಬಂಧುಬಳಗದವರ ಮುಂದೆ ಕೈಮುಗಿಯುತ್ತೇವೆ. ಹೆಚ್ಚಿನವರನ್ನು ನಾವು ನೋಯಿಸಿಯೇ ಇರುವುದಿಲ್ಲ. ನಿಜವಾಗಿ ನೋಯಿಸಿದವರ ಓಣಿಗೆ ನಮ್ಮ ಕಾಲು ಹೋಗುವುದಿಲ್ಲ. ಮಕ್ಕಳಿಗೆ ಕ್ಷಮಾವಣಿಯನ್ನು ಕಲಿಸುವುದಾದರೆ ಆ ಓಣಿಯಿಂದಲೇ ಆರಂಭಿಸಬೇಕು.

ಬಸದಿಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿ ಎರಡು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಹಣದಿಂದ ಕೆಲವು ಟ್ಯಾಬ್ಲೆಟ್‌ಗಳನ್ನು ಕೊಂಡಿಟ್ಟು, ಗ್ರಂಥಾಲಯದ ಪುಸ್ತಕದಂತೆ ವರ್ಷಕ್ಕೊಮ್ಮೆ ಎರವಲು ಕೊಡಬಹುದು. ಕೊಡುವಾಗ ಜಾತಿಮತ ಕೇಳಬಾರದು, ಭಾವಚಿತ್ರ ತೆಗೆಯಬಾರದು, ದಾನಿಯ ಹೆಸರನ್ನು ಅದರ ಬೆನ್ನಿಗೆ ಅಂಟಿಸಬಾರದು. ಅಂಟಿಸಿದರೆ ಅದೇ ಇನ್ನೊಂದು ಅಡ್ಡಹೆಸರಾದೀತು. ಎರಡನೆಯದಾಗಿ, ನಮ್ಮವರು ನಡೆಸುವ ಶಾಲೆಗಳಲ್ಲಿ ಕಡ್ಡಾಯ ಸಾಮಗ್ರಿಗಳ ಪಟ್ಟಿಯನ್ನು ಪ್ರವೇಶಕ್ಕೆ ಮುಂಚೆಯೇ ಲಿಖಿತವಾಗಿ ಕೊಟ್ಟು, ಎಲ್ಲಿ ಬೇಕಾದರೂ ಕೊಳ್ಳುವ, ಹಳೆಯದನ್ನು ಬಳಸುವ ಸ್ವಾತಂತ್ರ್ಯವನ್ನು ಪಾಲಕರಿಗೆ ಬಿಡಬೇಕು.

ತಂದೆತಾಯಿಗಳಿಗೆ ಹೇಳಬೇಕಾದುದು ಇನ್ನೂ ಚಿಕ್ಕದು. ಸಂಜೆ ಮಗು ಮನೆಗೆ ಬಂದೊಡನೆ "ಎಷ್ಟು ಅಂಕ ಬಂತು?" ಎಂದು ಕೇಳುತ್ತೇವೆ. ಕಾಳಜಿಯುಳ್ಳವರು "ಯಾರಾದರೂ ನಿನಗೆ ಕಾಟ ಕೊಟ್ಟರೇ?" ಎಂದೂ ಕೇಳುತ್ತಾರೆ. ಮೂರನೆಯ ಪ್ರಶ್ನೆಯೊಂದಿದೆ: "ಇವತ್ತು ಯಾರನ್ನಾದರೂ ನೋಡಿ ನಕ್ಕೆಯಾ?" ನಮ್ಮ ಮನೆಯಲ್ಲಿ ಈಗ ಆ ಪ್ರಶ್ನೆಯನ್ನು ಮೊಮ್ಮಗನೇ ಕೆಲವೊಮ್ಮೆ ನನಗೆ ಕೇಳುತ್ತಾನೆ. ಅಂಗಡಿಯಿಂದ ಬಂದ ನಾನು ಒಂದು ಕ್ಷಣ ಯೋಚಿಸಿ ಉತ್ತರ ಹೇಳಬೇಕಾಗುತ್ತದೆ.