ಹಳಿ ದಾಟುವವರ ಹೊಣೆ ಯಾರದು?

ಹಿತ್ತಲಿನ ಬಾವಿಗೆ ಕಟ್ಟೆಯಿಲ್ಲದಿದ್ದರೆ ತಾಯಿಯಾದವಳು ಏನು ಮಾಡುತ್ತಾಳೆ? "ಅತ್ತ ಹೋಗಬೇಡ ಮಗಾ" ಎಂದು ಹತ್ತು ಸಲ ಹೇಳುತ್ತಾಳೆ. ಜೊತೆಗೆ ಕಟ್ಟೆ ಕಟ್ಟಿಸುವ ತನಕ ಮನೆಯವರನ್ನೂ ಸುಮ್ಮನಿರಲು ಬಿಡುವುದಿಲ್ಲ. ಹೇಳಿಯಾಯಿತಲ್ಲ, ನನ್ನ ಹೊಣೆ ತೀರಿತು ಎಂದು ಯಾವ ತಾಯಿಯೂ ಕೈತೊಳೆದುಕೊಳ್ಳುವುದಿಲ್ಲ. ಆದರೆ ಮನೆಯ ಹೊಸಿಲು ದಾಟಿದೊಡನೆ ಈ ನ್ಯಾಯ ನಮಗೆ ಮರೆತುಹೋಗುತ್ತದೆ. ಅಪಘಾತದ ಮರುದಿನ ಪತ್ರಿಕೆ ಬಿಡಿಸಿ "ತಪ್ಪು ಯಾರದಂತೆ?" ಎಂದು ಕೇಳುತ್ತೇವೆ. ಒಬ್ಬನ ಹೆಸರು ಸಿಕ್ಕರೆ ಸಾಕು, ಉಳಿದವರೆಲ್ಲ ಪಾರು.

ರೈಲ್ವೆ ಕ್ರಾಸಿಂಗುಗಳ ವಿಷಯವನ್ನೇ ನೋಡಿ. ಹಳಿ ಹಾಕಿದಾಗ ಯಾರದೋ ಜಮೀನು ಎರಡು ಪಾಲಾಗುತ್ತದೆ. ಮನೆ ಈಚೆ, ಗದ್ದೆ ಆಚೆ. ಇಂಥವರ ಖಾಸಗಿ ದಾರಿಗೆ ಗೇಟು ಹಾಕಿಕೊಡುವ ಕೆಲಸವನ್ನು ಇಂಗ್ಲೆಂಡಿನ 1845ರ ಕಾನೂನು ರೈಲ್ವೆ ಕಂಪನಿಗೆ ವಹಿಸಿತು. ದಾಟಿದ ಮೇಲೆ ಗೇಟು ಮುಚ್ಚದೆ ಹೋದವನಿಗೆ 40 ಷಿಲಿಂಗಿನವರೆಗೆ ದಂಡವನ್ನೂ ಇಟ್ಟಿತು. ಮಾಡಿಕೊಡುವವನಿಗೊಂದು ಹೊಣೆ, ಬಳಸುವವನಿಗೊಂದು ಹೊಣೆ.

ನಮ್ಮ 1989ರ ರೈಲ್ವೆ ಕಾಯಿದೆಯ 16ನೆಯ ಕಲಮೂ ಅಕ್ಕಪಕ್ಕದ ಜಮೀನಿನವರಿಗೆ ದಾರಿ ಮಾಡಿಕೊಡುವಂತೆ ರೈಲ್ವೆಗೆ ಹೇಳುತ್ತದೆ. ಕಾವಲಿಲ್ಲದ ಕ್ರಾಸಿಂಗಿನಲ್ಲಿ ನಿಂತು ನೋಡದೆ ವಾಹನ ನುಗ್ಗಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಎನ್ನುತ್ತದೆ 161ನೆಯ ಕಲಮು. 1988ರ ಮೋಟಾರು ವಾಹನ ಕಾಯಿದೆ ಇನ್ನೂ ವಿವರವಾಗಿದೆ: ವಾಹನ ನಿಲ್ಲಿಸಬೇಕು, ಕಂಡಕ್ಟರೋ ಕ್ಲೀನರೋ ಇಳಿದು ಹಳಿಯವರೆಗೆ ನಡೆದು ನೋಡಬೇಕು, ಅಂಥವರಿಲ್ಲದಿದ್ದರೆ ಚಾಲಕನೇ ಇಳಿಯಬೇಕು.

ಓದಲು ಎಲ್ಲವೂ ಸರಿಯಾಗಿಯೇ ಇದೆ. ಆದರೆ ಹಿಂದಿನ ಸೀಟಿನಲ್ಲಿ ಕುಳಿತವರ ಗತಿಯೇನು? ನಮ್ಮಲ್ಲಿ ಬಹಳಷ್ಟು ಜನ ಅಲ್ಲಿ ಕುಳಿತವರೇ ಅಲ್ಲವೇ? 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಕಾವಲಿಲ್ಲದ ಕ್ರಾಸಿಂಗ್ ದಾಟುತ್ತಿದ್ದ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ತೀರಿಕೊಂಡರು. ಚಾಲಕನ ಕಿವಿಯಲ್ಲಿ ಇಯರ್‌ಫೋನ್ ಇತ್ತೆಂದು ವರದಿಯಾಯಿತು. ಅದು ನಿಜವೇ ಇರಲಿ, ಬೆಳಿಗ್ಗೆ ಬುತ್ತಿ ಹಿಡಿದು ಹೊರಟ ಮಕ್ಕಳು ಮಾಡಿದ ತಪ್ಪೇನು?

ಇಂಥದೇ ಪ್ರಶ್ನೆಗೆ ಸುಪ್ರೀಂ ಕೋರ್ಟು 1997ರಲ್ಲೇ ಉತ್ತರ ಕೊಟ್ಟಿತ್ತು. 1979ರಲ್ಲಿ ಕೇರಳದ ಕಾವಲಿಲ್ಲದ ಕ್ರಾಸಿಂಗೊಂದರಲ್ಲಿ ಪ್ರಯಾಣಿಕರಿದ್ದ ವಾಹನಕ್ಕೆ ರೈಲು ಡಿಕ್ಕಿ ಹೊಡೆದ ಮೊಕದ್ದಮೆ ಅದು. ಚಾಲಕನ ಅಜಾಗರೂಕತೆಯನ್ನು ಪ್ರಯಾಣಿಕರ ತಲೆಗೆ ಕಟ್ಟುವಂತಿಲ್ಲ, ಅಲ್ಲಿ ಕಾವಲು ಇಡದ ರೈಲ್ವೆಯೂ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು ನ್ಯಾಯಾಲಯ.

ಎಲ್ಲ ಕಡೆ ಕಾವಲಿಡಲು ದುಡ್ಡೆಲ್ಲಿದೆ ಎನ್ನುವ ಮಾತು ಬಹುಕಾಲ ನಡೆಯಿತು. ಕುಶಿನಗರದ ದುರಂತವಾಗಿ ವರ್ಷ ತುಂಬುವ ಮೊದಲೇ, 2019ರ ಜನವರಿ ಕೊನೆಗೆ, ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗುಗಳೇ ಉಳಿದಿಲ್ಲವೆಂದು ರೈಲ್ವೆ ಪ್ರಕಟಿಸಿತು. ಮನಸ್ಸು ಮಾಡಿದರೆ ಆಗುವ ಕೆಲಸವೇ ಆಗಿತ್ತು ಎಂದಾಯಿತು. ಸಂತೋಷಪಡಬೇಕೋ, ಇಷ್ಟು ತಡವೇಕೆ ಎಂದು ಮರುಗಬೇಕೋ ತಿಳಿಯುವುದಿಲ್ಲ.

ಹಾಗೆಂದು ಗೇಟೊಂದೇ ಕಾಯುವುದಿಲ್ಲ. 2025ರ ಜುಲೈಯಲ್ಲಿ ತಮಿಳುನಾಡಿನ ಕಡಲೂರಿನ ಬಳಿ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ವಿದ್ಯಾರ್ಥಿಗಳು ಸತ್ತರು. ಅಲ್ಲಿ ಗೇಟೂ ಇತ್ತು, ಗೇಟ್‌ಮನ್ನೂ ಇದ್ದ. ತೆರೆದದ್ದು ಯಾರ ತಪ್ಪೆಂಬ ವಾದ ಅಲ್ಲಿಯೂ ಎದ್ದಿತು.

ಹೊಣೆಯೆಂಬುದು ಹಲಸಿನ ತೊಳೆಯಲ್ಲ, ಹಂಚಿದಷ್ಟೂ ಕಡಿಮೆಯಾಗಲು. ಚಾಲಕನದು ಪೂರ್ತಿ, ರೈಲ್ವೆಯದೂ ಪೂರ್ತಿ. ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನು ತೊಳೆಯುವುದಿಲ್ಲ. ಹಾಗಾದರೆ ಹಿಂದೆ ಕುಳಿತ ದೊಡ್ಡವರದು? ಕಾನೂನು ನಮ್ಮನ್ನು ಬಿಟ್ಟೀತು. ಆದರೆ ಪಕ್ಕದಲ್ಲಿ ಬಾಯಿಲ್ಲದ ಮಗು ಕುಳಿತಿರುವಾಗ, ಬಾಯಿದ್ದವರು ಸಂಕೋಚ ಪಡಬಾರದು. ಮುಚ್ಚಿದ ಗೇಟಿನಡಿ ಗಂಡ ಸ್ಕೂಟರ್ ನುಸುಳಿಸಲು ಹೊರಟರೆ, "ನಿಲ್ಲಿಸಿ, ನಾನು ಇಳಿಯುತ್ತೇನೆ" ಎನ್ನುವುದಕ್ಕೆ ಯಾವ ಕಲಮಿನ ಅಪ್ಪಣೆಯೂ ಬೇಕಿಲ್ಲ.