ಋಣ ಯಾರದು?

ಹೊಸಕೆರೆಹಳ್ಳಿ ಕೆರೆಕೋಡಿಯಲ್ಲಿ ಬ್ಯಾನರುಗಳಿಗೆ ಬರವಿಲ್ಲ. ನಾಯಕ ಗೆದ್ದರೆ ಒಂದು, ಹುಟ್ಟಿದ ದಿನಕ್ಕೆ ಒಂದು, ಅಧಿಕಾರದ ಅವಧಿ ಮುಗಿಯುತ್ತಾ ಬಂದರೆ ಇನ್ನೊಂದು. ಈ ಕೊನೇ ಬ್ಯಾನರಿನ ಮಾತು ಮಾತ್ರ ಯಾವ ಪಕ್ಷದ್ದಾದರೂ ಬದಲಾಗುವುದಿಲ್ಲ: 'ನಿಮ್ಮ ಋಣ ನಾವು ತೀರಿಸಲಾರೆವು.' ಕೆಳಗೆ ಸಾಲಾಗಿ ಕೈಮುಗಿದ ಫೋಟೋಗಳು. ಇಂಥದ್ದೇ ಒಂದನ್ನು ತೋರಿಸಿ, ಅದೇನು ಬರೆದವರೆ ಓದೇಳು ಅಂದಳು ನಮ್ಮಜ್ಜಿ. ಅವಳಿಗೆ ಅಕ್ಷರ ಬಾರದು. ಓದಿ ಹೇಳಿದೆ. 'ಎಷ್ಟಂತೆ ಸಾಲ?' ಅಂದಳು.

ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ಕೊರೆಯತೊಡಗಿತು. ಯಾಕೆಂದರೆ ನಮ್ಮ ಮನೆಯ ಗೋಡೆಯ ಮೇಲೂ ಎರಡು ಪಟ ಇವೆ. ಒಂದು ಬಾಬಾಸಾಹೇಬರದು, ಅಪ್ಪ ತಂದದ್ದು. ಇನ್ನೊಂದು ದೇವರಾಜ ಅರಸು ಅವರದು. ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು, ಅಜ್ಜಿಯದು. ಅದಕ್ಕೊಂದು ಊದುಬತ್ತಿ ಹಚ್ಚದೆ ಅವಳು ಮುದ್ದೆ ಮುರಿಯುವುದಿಲ್ಲ. ಹಾಗಾದರೆ ಕೆರೆಕೋಡಿಯ ಬ್ಯಾನರಿಗೂ ಅಜ್ಜಿಯ ಊದುಬತ್ತಿಗೂ ಏನು ವ್ಯತ್ಯಾಸ? ಒಳ್ಳೆಯದು ಮಾಡಿದ ನಾಯಕನಿಗೆ ನಾವು ಕೃತಜ್ಞರಾಗಿರಬೇಕೆ? ಇರಬೇಕಾದರೆ ಹೇಗೆ, ಎಲ್ಲಿಯವರೆಗೆ? ಹೊಟ್ಟೆ ತುಂಬಿದವರಿಗೆ ಇದು ಸೌಜನ್ಯದ ಪ್ರಶ್ನೆ. ನಮಗೆ ಇದು ಬೆನ್ನುಮೂಳೆಯ ಪ್ರಶ್ನೆ.

ಮೊದಲು ಋಣ ಎಂಬ ಮಾತನ್ನೇ ನೋಡೋಣ. ಪಂಡಿತರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಎಣಿಸುತ್ತಾರೆ. ನಮ್ಮ ಕೇರಿಗೆ ನಾಲ್ಕನೆಯದೊಂದಿತ್ತು, ಉಪ್ಪಿನ ಋಣ. ಅದನ್ನು ಶಾಸ್ತ್ರದಲ್ಲಿ ಹುಡುಕಬೇಕಾಗಿರಲಿಲ್ಲ, ನಮ್ಮ ತಾತನ ಬೆನ್ನಿನ ಮೇಲೆ ಓದಬಹುದಿತ್ತು. ಕನಕಪುರದ ಕಡೆಯ ಹಳ್ಳಿ. ತಾತನ ಅಪ್ಪ ಮಗಳ ಮದುವೆಗೆ ಅಂತ ಜಮೀನ್ದಾರನೊಬ್ಬನ ಹತ್ತಿರ ನೂರಿಪ್ಪತ್ತು ರೂಪಾಯಿ ಸಾಲ ತಂದ. ಸಾಲಕ್ಕೆ ಹುಡುಗನನ್ನು ಬಿಟ್ಟ. ಹುಡುಗ ದನ ಕಾದ, ಸೆಗಣಿ ಬಾಚಿದ, ಮೀಸೆ ಬಂದ ಮೇಲೆ ನೇಗಿಲು ಹಿಡಿದ. ದುಡಿದದ್ದು ಬಡ್ಡಿಗೆ ಹೋಯಿತು. ತಿಂದದ್ದು ಋಣದ ಲೆಕ್ಕಕ್ಕೆ ಹೋಯಿತು. ಅಸಲು ಹಾಗೇ ಉಳಿಯಿತು.

1975ರ ಅಕ್ಟೋಬರ್ 24ರಂದು ಜೀತ ಪದ್ಧತಿ ರದ್ದು ಮಾಡುವ ಸುಗ್ರೀವಾಜ್ಞೆ ದಿಲ್ಲಿಯಿಂದ ಹೊರಟಿತು, ಮಾರನೇ ವರ್ಷ ಕಾಯ್ದೆಯಾಯಿತು. ಅದಾದ ಎಷ್ಟೋ ತಿಂಗಳಿಗೆ ನಮ್ಮ ಹಳ್ಳಿಗೂ ಸರ್ಕಾರಿ ಜೀಪು ಬಂತು. ಸಾಲದ ಪತ್ರ ಹರಿಯಿತು. ಆದರೆ ಗೆಳೆಯರೆ, ಅಸಲು ಕತೆ ಇರುವುದು ಅಲ್ಲಿಂದ ಮುಂದೆ. ತಾತ ಸಾಯುವವರೆಗೂ ಆ ಜಮೀನ್ದಾರನ ಮನೆಯ ಮುಂದೆ ತಲೆ ಎತ್ತಿ ನಡೆಯಲಿಲ್ಲವಂತೆ. ಆ ಮನೆಯಲ್ಲಿ ಮದುವೆಯಾದರೆ ಕರೆಯದಿದ್ದರೂ ಹೋಗಿ ಸೌದೆ ಒಡೆದು ಬರುತ್ತಿದ್ದನಂತೆ. ಯಾಕೆ ಅಂದರೆ, 'ಎಷ್ಟಾದ್ರೂ ಅವ್ರ ಉಪ್ಪು ತಿಂದಿವ್ನಿ.' ಕಾಗದದ ಸಾಲವನ್ನು ಕಾನೂನು ಹರಿಯಿತು. ಎದೆಯೊಳಗೆ ಬರೆದಿದ್ದ ಋಣವನ್ನು ಹರಿಯಲು ಯಾವ ತಹಸೀಲ್ದಾರನಿಗೂ ಆಗಲಿಲ್ಲ. ಜೀತಕ್ಕೆ ಹಗ್ಗ ಬೇಕಿಲ್ಲ, ಕೃತಜ್ಞತೆ ಸಾಕು.

'ಉಪ್ಪಿಕ್ಕಿದವರನ್ನು ಮುಪ್ಪಿನ ತನಕ ನೆನೆ' ಎನ್ನುವ ಗಾದೆ ಸುಳ್ಳಲ್ಲ. ಆದರೆ ಆ ಮನೆಯ ರಾಗಿ ಬೆಳೆದವನು ಯಾರು? ಕಣ ಮಾಡಿದವನು, ಹೊರೆ ಹೊತ್ತವನು, ಹಗೇವು ತುಂಬಿದವನು ಯಾರು? ಆ ಮನೆಗೆ ಉಪ್ಪಿಕ್ಕಿದವನು ನಮ್ಮ ತಾತ. ಅವನನ್ನು ಮುಪ್ಪಿನ ತನಕ ನೆನೆದವರು ಯಾರು? ಋಣದ ಲೆಕ್ಕವನ್ನು ಯಾವಾಗಲೂ ಮೇಲಿರುವವನೇ ಬರೆಯುತ್ತಾನೆ. ಕೆಳಗಿರುವವನು ಹೆಬ್ಬೆಟ್ಟು ಒತ್ತುತ್ತಾನೆ.

ಇನ್ನು ಅರಸು ಲೆಕ್ಕ. 1972ರ ಮಾರ್ಚ್‌ನಿಂದ 1980ರ ಜನವರಿಯವರೆಗೆ, ನಡುವೆ ಎರಡು ತಿಂಗಳು ಬಿಟ್ಟರೆ, ಅವರೇ ಮುಖ್ಯಮಂತ್ರಿ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಕೊಟ್ಟರೆ ಭೂ ನ್ಯಾಯಮಂಡಳಿ ಅವನ ಒಡೆತನ ತೀರ್ಮಾನಿಸಬೇಕು. ಆ ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದರು. ಬಡವನ ಬಾಯಿ ಎಲ್ಲಿ ಕಟ್ಟುತ್ತದೆ ಎಂದು ಬಲ್ಲವರು ಮಾತ್ರ ಬರೆಯಬಹುದಾದ ನಿಯಮ ಅದು. 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟು ಹಿಂದುಳಿದವರ ಪಟ್ಟಿಯನ್ನು ಹೊಸದಾಗಿ ಬರೆಯಿತು. 1976ರಲ್ಲಿ ಸಣ್ಣ ರೈತರು, ಭೂಹೀನ ಕೂಲಿಗಳ ಸಾಲದ ಕುಣಿಕೆ ಬಿಚ್ಚುವ ಕಾಯ್ದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಕಂಡಕಂಡವರು ಬರೆಸಿಕೊಳ್ಳದಂತೆ 1978ರಲ್ಲಿ ಇನ್ನೊಂದು.

ಇದೆಲ್ಲ ನಿಜ. ಆದರೆ ಇಷ್ಟೇ ನಿಜವಲ್ಲ. ಉಳುವವನೇ ಹೊಲದೊಡೆಯ ಅಂದರು. ನಮ್ಮ ತಾತ ಉಳಲಿಲ್ಲವೆ? ಉತ್ತ. ಆದರೆ ಅವನು ಉತ್ತದ್ದು ಜೀತಕ್ಕೆ, ಗೇಣಿಗಲ್ಲ. ಗೇಣಿದಾರನಿಗೆ ಏಳನೇ ನಂಬರ್ ಫಾರಂ ಇತ್ತು, ಜೀತಗಾರನಿಗೆ ಯಾವ ನಂಬರಿನ ಫಾರಮ್ಮೂ ಇರಲಿಲ್ಲ. ಭೂಸುಧಾರಣೆಯ ಫಸಲು ಹೆಚ್ಚಾಗಿ ಗೇಣಿದಾರ ಜಾತಿಗಳ ಕಣಕ್ಕೆ ಹೋಯಿತು. ಹೊಲಗೇರಿಯ ಬಹುಪಾಲು ಜನ ಕೂಲಿಗಳಾಗಿಯೇ ಉಳಿದರು.

1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಊರೂರಲ್ಲಿ ಗಲಭೆಯೆದ್ದಿತು, ದಲಿತ ಹುಡುಗರಿಗೆ ಪೆಟ್ಟು ಬಿತ್ತು. ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಅವತ್ತು ನಮ್ಮ ಹುಡುಗರು ಅರಸು ಮಾಡಿದ ಉಪಕಾರ ನೆನೆದು ಬಾಯಿ ಮುಚ್ಚಿಕೊಂಡು ಕೂತಿದ್ದರೆ ದಲಿತ ಸಂಘರ್ಷ ಸಮಿತಿ ಹುಟ್ಟುತ್ತಿತ್ತೆ? ನಮ್ಮ ಸಂಘಟನೆ, ನಮ್ಮ ಸಾಹಿತ್ಯ, ಈ ಪುಟಗಳು ಹುಟ್ಟಿದ್ದು ಕೃತಜ್ಞತೆಯಿಂದಲ್ಲ, ಸಿಟ್ಟಿನಿಂದ.

ಇನ್ನೂ ಕಹಿಯಾದ ಮಾತೊಂದಿದೆ. ತಾತನ ಜೀತ ಬಿಡಿಸಿದ ಕಾನೂನು ಬಂದದ್ದು ತುರ್ತುಪರಿಸ್ಥಿತಿಯಲ್ಲಿ. ಅದೇ ಕಾಲದಲ್ಲಿ ಇದೇ ಬೆಂಗಳೂರಿನ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಎಂಟು ತಿಂಗಳು ಆಸ್ತಮಾದಲ್ಲಿ ನರಳಿದರು. ಬಿಡುಗಡೆಯಾಗಿ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಆಗ ಪ್ರಧಾನಿ ಇಂದಿರಾ ಗಾಂಧಿ, ಮುಖ್ಯಮಂತ್ರಿ ಅರಸು. ನಮ್ಮ ತಾತನ ಬಾಗಿಲು ತೆರೆದ ಸರ್ಕಾರವೇ ಅವರ ಬಾಗಿಲು ಹಾಕಿತ್ತು. ನಾನು ಯಾವುದನ್ನು ಮರೆಯಲಿ? ಒಂದನ್ನು ನೆನೆಯಲು ಇನ್ನೊಂದನ್ನು ಮರೆಯಲೇಬೇಕು ಎನ್ನುವ ಕೃತಜ್ಞತೆ ನನಗೆ ಬೇಡ.

ಈಗ ಅರಸು ಅಧಿಕಾರದ ಕೊನೆಗಾಲಕ್ಕೆ ಬರೋಣ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿಕೊಂಡು ಬಂದವರು ಅರಸು. 1979ರಲ್ಲಿ ಅವರನ್ನೇ ಪಕ್ಷದಿಂದ ಹೊರಹಾಕಲಾಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, ಒಂದು ಜನತಾ ಪಕ್ಷಕ್ಕೆ ಹೋದವು. ಅರಸು ಪಕ್ಷಕ್ಕೆ ಒಂದೂ ಇಲ್ಲ. ಶಾಸಕರು ರಾತ್ರೋರಾತ್ರಿ ಆ ಕಡೆ ಹಾರಿದರು. ಅರಸು ಇಳಿದರು, ಗುಂಡೂರಾವ್ ಏರಿದರು. 1982ರ ಜೂನ್ 6ರಂದು ಅರಸು ತೀರಿಕೊಂಡರು.

ಈ ಸೋಲನ್ನು ಹೇಳುವಾಗ ತಿಳಿದವರು ಒಂದು ಮಾತು ಸೇರಿಸುತ್ತಾರೆ: 'ಬಡವರಿಗೆ ಅಷ್ಟೆಲ್ಲ ಮಾಡಿದರು, ಬಡವರೇ ಕೈಬಿಟ್ಟರು. ಜನ ಕೃತಘ್ನರು.' ಕಾಲೇಜಿನಲ್ಲಿದ್ದಾಗ ನಾನೂ ಇದನ್ನು ನಂಬಿದ್ದೆ, ನಾಚಿಕೊಂಡಿದ್ದೆ. ಈಗ ಕೇಳುತ್ತೇನೆ, ಓಟು ಅನ್ನುವುದು ಉಪ್ಪಿನ ಋಣವೆ? ಅದನ್ನು ಬಡ್ಡಿ ಕಟ್ಟಿದ ಹಾಗೆ ಕಟ್ಟಬೇಕೆ? ಹಾಗಾದರೆ ಜಮೀನ್ದಾರ ಕೇಳಿದ್ದಕ್ಕೂ ನಾಯಕ ಕೇಳುವುದಕ್ಕೂ ಏನು ಫರಕು?

ಬಾಬಾಸಾಹೇಬರಿಗೆ ಈ ಅಪಾಯ ಗೊತ್ತಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ವ್ಯಕ್ತಿಪೂಜೆಯ ಬಗ್ಗೆ ಎಚ್ಚರಿಸಿದರು. ಧರ್ಮದಲ್ಲಿ ಭಕ್ತಿ ಆತ್ಮದ ಮೋಕ್ಷಕ್ಕೆ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದರು. ದೇಶಕ್ಕೆ ದುಡಿದ ದೊಡ್ಡವರಿಗೆ ಕೃತಜ್ಞರಾಗಿರುವುದು ತಪ್ಪಲ್ಲ, ಆದರೆ ಕೃತಜ್ಞತೆಗೂ ಒಂದು ಮಿತಿ ಉಂಟು ಎಂದು ಐರ್ಲೆಂಡಿನ ಡೇನಿಯಲ್ ಓ'ಕಾನಲ್‌ನನ್ನು ನೆನೆದರು. ಮಾನವನ್ನೋ ಸ್ವಾತಂತ್ರ್ಯವನ್ನೋ ತೆತ್ತು ಯಾವ ಋಣವನ್ನೂ ತೀರಿಸಬಾರದು ಎಂಬುದು ಅದರ ತಿರುಳು. ಹೀಗೆ ಹೇಳಿದವರು 1951ರಲ್ಲಿ ಮಂತ್ರಿಗಿರಿ ಬಿಟ್ಟು ಹೊರಬಂದರು. ಮುಂದೆ ಲೋಕಸಭೆಗೆ ನಡೆದ ಮೊದಲ ಚುನಾವಣೆಯಲ್ಲಿ ಮುಂಬಯಿಯಲ್ಲಿ ಸೋತರು. ನಮ್ಮ ಗೋಡೆಯ ಮೇಲಿರುವ ಇಬ್ಬರೂ ಸೋತವರೇ.

ಇಷ್ಟೆಲ್ಲ ಓದಿಕೊಂಡ ಮೇಲೆ ನಾನೊಂದು ತಪ್ಪು ಮಾಡಿದೆ. ನಮ್ಮ ವಂಶದಲ್ಲೇ ಮೊದಲ ಪದವಿ ನನ್ನದು. ಆ ಬಿಸಿ ಇನ್ನೂ ಇತ್ತು. ಒಂದು ಸಂಜೆ ಅಜ್ಜಿಗೆ ಅಂದೆ: 'ಅಜ್ಜೀ, ಆ ಪಟ ತೆಗಿ. ನೀನು ಬುದ್ಯೋರ ಮನೆ ಜೀತ ಬಿಟ್ಟು ಇವನ ಜೀತಕ್ಕೆ ಸೇರ್ಕಂಡಿದ್ದೀಯ.'

ಅವಳು ಸಿಟ್ಟು ಮಾಡಲಿಲ್ಲ. ಅವರೆಕಾಯಿ ಸುಲಿಯುತ್ತಾ ಕೇಳಿದಳು, 'ಬುದ್ಯೋರ್ ಮುಂದೆ ನಾನೆಂಗ್ ನಿಂತ್ಕತಿದ್ದೆ ನಿಂಗೊತ್ತಾ ಮಗಾ? ಸೆರಗು ಒದ್ಕಂಡು, ಬಗ್ಗಿ, ನೆಲ ನೋಡ್ಕಂಡು. ಈ ಪಟಾನ ಮಕ ಎತ್ತಿ ನೋಡ್ತೀನಿ.'

'ಅವ್ರಿಗೇ ಓಟು ಹಾಕಿದ್ಯಾ ಹಂಗಾರೆ, ಕೊನೇ ಸಲ?'

'ಇಲ್ಲ. ಅಮ್ಮುಂಗ್ ಹಾಕ್ದೆ.'

ನನಗೆ ಬಾಯಿ ಕಟ್ಟಿತು. ಇಷ್ಟು ವರ್ಷ ದಿನಾ ಊದುಬತ್ತಿ ಹಚ್ಚಿದ ಹೆಂಗಸು 1980ರಲ್ಲಿ ಅರಸು ವಿರುದ್ಧ ಓಟು ಹಾಕಿದ್ದಳು!

'ಮತ್ತೆ ಯಾಕೀ ಪಟ?'

'ನಿಮ್ಮಪ್ಪಂಗೆ ಆಗ ನಾಕು ವರ್ಸ. ಬುದ್ಯೋರು ಕುರಿ ಕಾಯಕ್ಕೆ ಕಳ್ಸು ಅಂದಿದ್ರು. ಆ ಜೀಪು ಬರ್ದೆ ಓಗಿದ್ರೆ ಅವ್ನೂ ಅಲ್ಲೇ, ನೀನೂ ಅಲ್ಲೇ. ಅದ ನೆನಸ್ಕತೀನಿ. ಓಟು ನಂದು, ಯಾರ್ಗಾದ್ರೂ ಹಾಕ್ತೀನಿ. ಅದ ಕೇಳಕ್ಕೆ ಅವ್ನ್ಯಾರು?'

ಅವಳ ಲೆಕ್ಕದಲ್ಲಿ ತಪ್ಪುಗಳಿರಬಹುದು. ಜೀತದ ಕಾನೂನು ದಿಲ್ಲಿಯದು, ಅವಳಿಗೆ ಕಂಡದ್ದು ಅರಸು ಸರ್ಕಾರದ ಜೀಪು. ಓಟನ್ನು ದಿಲ್ಲಿಗೆ ಕೊಟ್ಟಳು, ಊದುಬತ್ತಿಯನ್ನು ಅರಸುಗೆ ಕೊಟ್ಟಳು. ಆದರೆ ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಗೆರೆಯನ್ನು ಅವಳು ಎಳೆದು ತೋರಿಸಿದ್ದಳು. ನೆನಪು ಬೇರೆ, ಅಡವು ಬೇರೆ. ತಾತ ತನ್ನ ಮಾನವನ್ನು ಅಡವಿಟ್ಟು ಜಮೀನ್ದಾರನನ್ನು ನೆನೆದ. ಅಜ್ಜಿ ಏನನ್ನೂ ಅಡವಿಡದೆ ಅರಸುವನ್ನು ನೆನೆಯುತ್ತಾಳೆ.

ಇಲ್ಲಿಂದ ಬ್ಯಾನರಿನ ಗುಟ್ಟೂ ಬಯಲಾಗುತ್ತದೆ. 1980ರಲ್ಲಿ ರಾತ್ರೋರಾತ್ರಿ ಹಾರಿದವರು ಯಾರು? ಅರಸು ಕೈಯಿಂದ ಟಿಕೆಟ್ಟು, ಕುರ್ಚಿ, ಕಂಟ್ರಾಕ್ಟು ಪಡೆದವರು. ಅವರಿಗೆ ಸಿಕ್ಕಿದ್ದು ಉಪಕಾರ. ಉಪಕಾರ ಕೊಡುವ ಕೈ ಬದಲಾದರೆ ಮುಗಿಯುವ ಕೈಗಳೂ ಆ ಕಡೆ ತಿರುಗುತ್ತವೆ. ಅಜ್ಜಿಗೆ ಸಿಕ್ಕಿದ್ದು ಹಕ್ಕು. ಹಕ್ಕು ಪಡೆದವರು ಬ್ಯಾನರು ಕಟ್ಟುವುದಿಲ್ಲ, ಬೇರೆಯವರಿಗೆ ಓಟು ಹಾಕಿಯೂ ನೆನಪಿಟ್ಟುಕೊಳ್ಳುತ್ತಾರೆ. ಒಬ್ಬ ನಾಯಕ ಕುರ್ಚಿ ಬಿಡುವ ಹೊತ್ತಿನಲ್ಲಿ ಅವನನ್ನು ಅಳೆಯಲು ಇದೊಂದು ಸೇರು ಸಾಕು. ಅವನು ಹಂಚಿದ್ದು ಉಪಕಾರವನ್ನೋ, ಹಕ್ಕನ್ನೋ?

ಇನ್ನೊಂದು ಮಾತು. ಹಕ್ಕನ್ನೂ ಅರಸು ಒಬ್ಬರೇ ಮನೆಯಿಂದ ತಂದು ಕೊಡಲಿಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋಗದಿದ್ದರೆ, ಗಣಪತಿಯಪ್ಪನಂಥವರು ಅವರ ಜೊತೆ ನಿಲ್ಲದಿದ್ದರೆ, 1974ರ ಕಾಯ್ದೆಗೆ ನೆಲವೇ ಇರುತ್ತಿರಲಿಲ್ಲ. ಸಹಿ ಹಾಕಿದ ಕೈಯನ್ನು ನೆನೆಯುವವರು ಸಹಿ ಹಾಕಿಸಿದ ಕೈಗಳನ್ನೂ ನೆನೆಯಬೇಕು. ಅವುಗಳಿಗೆ ಬ್ಯಾನರೂ ಇಲ್ಲ, ಪಟವೂ ಇಲ್ಲ.

ಹಾಗಾದರೆ ನಮ್ಮ ಕೃತಜ್ಞತೆ ಹೇಗಿರಬೇಕು? ಪ್ರತಿ ಆಗಸ್ಟ್ 20ಕ್ಕೆ ಸರ್ಕಾರ ಅರಸು ಜಯಂತಿ ಮಾಡುತ್ತದೆ, ಹಾರ ಬೀಳುತ್ತದೆ. 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ಎಂದು ಅದೇ ಭೂಸುಧಾರಣಾ ಕಾಯ್ದೆಯ ಬೇಲಿ ಕಿತ್ತರು. ಆ ವರ್ಷವೂ ಹಾರಕ್ಕೆ ಕೊರತೆ ಬಿದ್ದಿರಲಾರದು. ಮಲ ಹೊರುವುದರ ವಿರುದ್ಧ 1993ರಲ್ಲಿ, 2013ರಲ್ಲಿ ಕಾಯ್ದೆಗಳು ಬಂದವು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಜಾತಿ ಇನ್ನೂ ನಮ್ಮದೇ. ಕೊಟ್ಟವನಿಗೆ ಹಾರ ಹಾಕಿ ಕೊಟ್ಟದ್ದನ್ನು ಕಿತ್ತುಕೊಳ್ಳಲು ಬಿಡುವುದಕ್ಕಿಂತ ದೊಡ್ಡ ಕೃತಘ್ನತೆ ಯಾವುದಿದೆ? ಸಿಕ್ಕಿದ ಹಕ್ಕನ್ನು ಕಾಯುವುದು, ಸಿಗದೆ ಉಳಿದವನಿಗೆ ಕೊಡಿಸುವುದು, ಇಷ್ಟೇ ನನಗೆ ಗೊತ್ತಿರುವ ಕೃತಜ್ಞತೆ. ಅದು ಹಿಂದಕ್ಕೆ ತಿರುಗಿ ನಾಯಕನಿಗೆ ಕಟ್ಟುವ ಬಾಕಿಯಲ್ಲ. ಫಾರಂ ಇಲ್ಲದೆ ಉಳಿದ ನನ್ನ ತಾತನಂಥವರಿಗೆ ಮುಂದಕ್ಕೆ ಸಲ್ಲಬೇಕಾದ ಬಾಕಿ.

ಹಳ್ಳಿಗಳಲ್ಲಿ ಪಾಠ ಹೇಳುವ ಗೆಳೆಯರೆ, ಮುಂದಿನ ಜಯಂತಿಗೆ ಮಕ್ಕಳ ಕೈಲಿ 'ಅರಸು ಏನು ಕೊಟ್ಟರು' ಎಂದು ಪ್ರಬಂಧ ಬರೆಸಬೇಡಿ. 'ನಿಮ್ಮ ಮನೆಯಲ್ಲಿ ಯಾರಿಗೆ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಸಿಕ್ಕಿದ್ದು ಈಗ ಯಾರ ಕೈಲಿದೆ' ಎಂದು ಅಜ್ಜಿಯರನ್ನು ಕೇಳಿ ಬರೆಯಲು ಹೇಳಿ. ಋಣ ಯಾರದು ಎನ್ನುವುದು ಆ ಕಾಗದಗಳಲ್ಲಿ ಗೊತ್ತಾಗುತ್ತದೆ.

ಪಟ ನಮ್ಮ ಮನೆಯ ಗೋಡೆಯ ಮೇಲೇ ಇದೆ. ನಾನು ಊದುಬತ್ತಿ ಹಚ್ಚುವುದಿಲ್ಲ. ಅಜ್ಜಿ ಹಚ್ಚುವಾಗ ಬೇಡ ಅನ್ನುವುದನ್ನೂ ಬಿಟ್ಟಿದ್ದೇನೆ.