ಉರಿಯದ ದೀಪ

ಎಂಟು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಕೊಂಡೆ. ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ 2020ರ ನಂತರದ ಗಾಡಿ. ಕಳೆದ ತಿಂಗಳು ಸರ್ವಿಸಿಗೆ ಬಿಟ್ಟಾಗ ಗ್ಯಾರೇಜಿನ ಅಣ್ಣ ಸೈಲೆನ್ಸರ್ ಬಿಚ್ಚಿ ನೋಡಿ, "ಸಾರ್, ಇದರೊಳಗೆ ಕ್ಯಾಟಲಿಟಿಕ್ ಕನ್ವರ್ಟರೇ ಇಲ್ಲ. ಹಿಂದಿನ ಓನರ್ ತೆಗೆಸಿಬಿಟ್ಟಿದ್ದಾರೆ" ಅಂದರು. ಸೌಂಡು ಜೋರಾಗಲಿ, ಪಿಕಪ್ ಹೆಚ್ಚಲಿ ಅಂತ ಹೀಗೆ ಮಾಡಿಸುತ್ತಾರಂತೆ.

"ಮತ್ತೆ ಮೀಟರಿನಲ್ಲಿ ಇಂಜಿನ್ ಲೈಟ್ ಬರಬೇಕಿತ್ತಲ್ಲ ಅಣ್ಣ?"

ಅವರು ನಕ್ಕರು. "ಬರದ ಹಾಗೆ ಮಾಡಿದ್ದಾರೆ. ಲೈಟೇ ಬರ್ತಿಲ್ಲ ಅಂದ್ಮೇಲೆ ನಿಮಗ್ಯಾಕೆ ಚಿಂತೆ? ಹಾಗೇ ಓಡ್ಸಿ. ಬೇಡ ಅನ್ನಿಸಿದ್ರೆ ಮಾರಿಬಿಡಿ."

ನಾನು ಮಾಡದ, ಯಾರಿಗೂ ಕಾಣದ ತಪ್ಪೊಂದು ನನ್ನ ಕೈಗೆ ಬಂದಾಗ ಅದು ಯಾರದು? ಅಂದಿನಿಂದ ಇದೇ ಯೋಚನೆ.

ಕನ್ವರ್ಟರಿನ ಒಳಗೆ ಜೇನುಗೂಡಿನಂಥ ಸಣ್ಣ ಕಿಂಡಿಗಳಿರುತ್ತವೆ. ಅವುಗಳ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪ. ಇಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡುಗಳು ಒಡೆದು ಸಾದಾ ನೈಟ್ರೋಜನ್ ಆಗುತ್ತವೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಒಂದು ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ವರದಿ ಕಳಿಸುತ್ತಿರುತ್ತದೆ. ವರದಿ ನಿಂತರೆ ಅಥವಾ ಅಸಹಜವಾದರೆ ಎರರ್ ಕೋಡ್ ದಾಖಲಾಗಿ ದೀಪ ಹೊತ್ತಿಕೊಳ್ಳುತ್ತದೆ. ಹಾಗಾಗದಂತೆ ಮಾಡುವುದೆಂದರೆ ಎಲ್ಲ ಸರಿಯಿದೆ ಎಂಬ ಕಟ್ಟುಕತೆಯನ್ನು ಇಸಿಯುಗೆ ಹೇಳುವುದು, ಇಲ್ಲವೇ ಅದು ಪ್ರಶ್ನೆಯನ್ನೇ ಕೇಳದಂತೆ ಮಾಡುವುದು.

ಯಂತ್ರಕ್ಕೆ ಸುಳ್ಳು ಹೇಳಲು ಸಾಧ್ಯವೇ? ಸುಳ್ಳಿಗೆ ನಂಬುವವರು ಬೇಕು. ಇಸಿಯು ಏನನ್ನೂ ನಂಬುವುದಿಲ್ಲ. ಆದರೆ ದೀಪ ಇರುವುದು ಓಡಿಸುವವರಿಗಾಗಿ. ಎಂಟು ತಿಂಗಳು ಉರಿಯದ ದೀಪವನ್ನು ನೋಡಿ ಎಲ್ಲ ಸರಿಯಿದೆ ಎಂದು ನಂಬಿದವನು ನಾನು. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣದಲ್ಲೂ ಆದದ್ದು ಇದೇ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗಷ್ಟೇ ವಿಷಾನಿಲ ತಗ್ಗಿಸುವ ತಂತ್ರಾಂಶ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿತ್ತು. ಅಲ್ಲೂ ಯಂತ್ರದ ಮೂಲಕ ಮೋಸಹೋದವರು ಮನುಷ್ಯರೇ.

ಪ್ಲೇಟೋನ 'ರಿಪಬ್ಲಿಕ್'ನಲ್ಲಿ ಗೈಜಸ್ ಎಂಬ ಕುರುಬನಿಗೆ ಅದೃಶ್ಯನಾಗುವ ಉಂಗುರ ಸಿಗುತ್ತದೆ. ಯಾರಿಗೂ ಕಾಣದಿದ್ದರೆ ಒಳ್ಳೆಯವರಾಗಿ ಉಳಿಯುವವರು ಯಾರು ಎಂಬುದು ಅಲ್ಲಿನ ಪ್ರಶ್ನೆ. ನಮ್ಮಲ್ಲಿ ಅದಕ್ಕೆ ಕನಕದಾಸರ ಬಾಳೆಹಣ್ಣಿನ ಕಥೆಯಿದೆ. ಯಾರೂ ನೋಡದ ಕಡೆ ತಿನ್ನಿ ಎಂದು ಗುರು ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟರಂತೆ. ದೇವರಿಲ್ಲದ ಜಾಗ ಸಿಗದೆ ಕನಕದಾಸರು ಹಣ್ಣನ್ನು ಹಾಗೇ ತಂದರಂತೆ. ಶಾಲೆಯಲ್ಲಿ ಕೇಳಿದ ಈ ಕಥೆ ಈಗ ಸ್ವಲ್ಪ ಇರಿಸುಮುರಿಸು ತರುತ್ತದೆ. ದೇವರು ನೋಡುತ್ತಾನೆ ಎಂದು ಸುಮ್ಮನಿರುವುದಕ್ಕೂ ದೀಪ ಹೊತ್ತಿಕೊಳ್ಳುತ್ತದೆ ಎಂದು ಸುಮ್ಮನಿರುವುದಕ್ಕೂ ವ್ಯತ್ಯಾಸವೇನು?

ಇದಕ್ಕೆ ಉತ್ತರ ಸಿಗ್ನಲ್ಲಿನಲ್ಲಿ ಹೊಳೆಯಿತು. ನನ್ನ ಬೈಕಿನ ಹಿಂದೆ ಒಂದು ಸ್ಕೂಟರ್. ಅಪ್ಪನ ಮುಂದೆ ಹ್ಯಾಂಡಲ್ ಹಿಡಿದು ನಿಂತ ಮಗು. ಅದು ನನ್ನನ್ನು ನೋಡುತ್ತಿರಲಿಲ್ಲ, ಸುಮ್ಮನೆ ಉಸಿರಾಡುತ್ತಿತ್ತು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಪ್ಪೂ ಕಾಣುವುದಿಲ್ಲ, ಅದರ ಪೆಟ್ಟೂ ಕಾಣುವುದಿಲ್ಲ. ಹಾಗಾದರೆ ಯಾರು ನೋಡುತ್ತಾರೆ ಎಂದು ಕೇಳುವುದೇ ತಪ್ಪು. ಯಾರಿಗೆ ತಗಲುತ್ತದೆ ಎಂದು ಕೇಳಬೇಕು. ಕನಕದಾಸರಿಗೆ ಸಿಗದ ಆ 'ಯಾರೂ ಇಲ್ಲದ ಜಾಗ' ಹೊಗೆಗೂ ಸಿಗುವುದಿಲ್ಲ.

"ನಿಮ್ಮೊಂದು ಬೈಕಿಂದ ಊರಿನ ಗಾಳಿ ಕೆಟ್ಟುಹೋಗುತ್ತಾ ಸಾರ್?" ಎಂದೂ ಅಣ್ಣ ಕೇಳಿದ್ದರು. ಇಲ್ಲ, ನಿಜ. ಆದರೆ ರಸ್ತೆಯಲ್ಲಿರುವ ಪ್ರತಿಯೊಬ್ಬರೂ ಇದನ್ನೇ ಹೇಳಬಹುದು. ಗಾಳಿ ಕೆಟ್ಟ ಮೇಲೂ ಎಲ್ಲರನ್ನೂ ನಿರಪರಾಧಿ ಮಾಡುವ ವಾದದಲ್ಲಿ ಎಲ್ಲೋ ಏಟು ತಪ್ಪಿದೆ. ಇಲ್ಲಿ ಕಾಂಟ್‌ನ ಮಾತು ನನಗೆ ಕೆಲಸಕ್ಕೆ ಬರುತ್ತದೆ: ನಿನ್ನ ನಡೆ ಎಲ್ಲರ ನಿಯಮವಾಗಬಲ್ಲುದೇ ನೋಡು. ಎಲ್ಲರೂ ದೀಪದ ಬಾಯಿ ಕಟ್ಟಿದರೆ ಉರಿಯದ ದೀಪವನ್ನು ಯಾರೂ ನಂಬುವುದಿಲ್ಲ, ಆಗ ಈ ಉಪಾಯವೂ ನಡೆಯುವುದಿಲ್ಲ. ಉಳಿದವರು ಪ್ರಾಮಾಣಿಕರಾಗಿರುವವರೆಗೆ ಮಾತ್ರ ನಡೆಯುವ ಉಪಾಯ ಇದು.

ಹೊಸ ಸೈಲೆನ್ಸರಿಗೆ ನನ್ನ ಒಂದು ತಿಂಗಳ ಫೆಲೋಶಿಪ್ಪಿನ ದೊಡ್ಡ ಪಾಲು ಹೋಗುತ್ತದೆ. ಫೆಲೋಶಿಪ್ ಬಂದು ಮೂರು ತಿಂಗಳಾಯಿತು. ಮಾರಿಬಿಡೋಣ ಎಂದು ಎರಡು ದಿನ ಗಂಭೀರವಾಗಿಯೇ ಯೋಚಿಸಿದೆ, ಫೋಟೋ ಕೂಡ ತೆಗೆದೆ. ಕೊಳ್ಳುವವರು ಮೀಟರ್ ನೋಡುತ್ತಾರೆ, ದೀಪ ಉರಿಯುತ್ತಿಲ್ಲ, ಹಣ ಕೊಡುತ್ತಾರೆ. ಅಲ್ಲಿಗೆ ನಾನೇ 'ಹಿಂದಿನ ಓನರ್'. ನನಗೆ ಮಾರಿದವರಿಗೂ ಯಾರೋ ಹೀಗೇ ಮಾರಿದ್ದಿರಬಹುದು ಎಂದು ಆಗ ಮೊದಲ ಸಲ ಅನ್ನಿಸಿ, ಅವರ ಮೇಲಿನ ಸಿಟ್ಟು ಕಡಿಮೆಯಾಯಿತು. ತಪ್ಪು ಯಾರು ಶುರು ಮಾಡಿದರೋ ಗೊತ್ತಿಲ್ಲ. ಗೊತ್ತಾದ ಮೇಲೂ ಮುಂದಕ್ಕೆ ದಾಟಿಸಿದರೆ ಅದು ನನ್ನದು, ಅಷ್ಟು ಗೊತ್ತು.

ಎರಡು ಕಂತಿನಲ್ಲಿ ಕೊಡುತ್ತೇನೆಂದು ಹೇಳಿ ಅಣ್ಣನಿಗೆ ಹೊಸದನ್ನು ತರಿಸಲು ಹೇಳಿದ್ದೇನೆ. "ನಿಮ್ಮಿಷ್ಟ ಸಾರ್" ಅಂದರು. ಬೈಕು ಹಾಸ್ಟೆಲ್ಲಿನ ಶೆಡ್ಡಿನಲ್ಲಿದೆ, ನಾನು ಸಿಟಿ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಹೊಸದು ಹಾಕಿದ ಮೇಲೂ ಮೀಟರಿನಲ್ಲಿ ಏನೂ ಬದಲಾಗುವುದಿಲ್ಲ. ದೀಪ ಈಗಿನಂತೆಯೇ ಆರಿರುತ್ತದೆ. ಆದರೆ ಮುಂದೆಂದಾದರೂ ಅದು ಹೊತ್ತಿಕೊಂಡರೆ ನಾನು ಅದನ್ನು ನಂಬಬಹುದು.